ಒಂದರ ಮೇಲೊಂದು ಹಾಸಿದ ನಕಾಶೆಗಳು

ಜಿಮ್ಯಾಪ್‌ಸಪ್ ಡಾಟ್ ಐಎಂಜಿ. ಪಶ್ಚಿಮಘಟ್ಟ ಸುತ್ತುತ್ತಿದ್ದ ನಮ್ಮಂಥ ಕೆಲವರಿಗೆ ಒಂದು ಕಾಲದಲ್ಲಿ ಈ ವಿಚಿತ್ರ ಹೆಸರು ಮನೆದೇವರ ಹೆಸರಿನಷ್ಟು ಬಾಯಿಪಾಠವಾಗಿತ್ತು. ಅಂಗೈಯಗಲದ ಗಾರ್ಮಿನ್ ಜಿಪಿಎಸ್‌ನ ಮೆಮೊರಿ ಕಾರ್ಡಿನಲ್ಲಿ, 'ಗಾರ್ಮಿನ್' ಎಂಬ ಫೋಲ್ಡರಿನೊಳಗೆ, ಸರಿಯಾಗಿ ಇದೇ ಹೆಸರಿನ ಕಡತವಿದ್ದರೆ ಯಂತ್ರಕ್ಕೆ ನಕಾಶೆ ಸಿಗುತ್ತಿತ್ತು. ಒಂದಕ್ಷರ ಆಚೀಚೆಯಾದರೆ ಇಲ್ಲ. ಹೆಸರು ಒಂದೇ ಆದ್ದರಿಂದ ಕಡತವೂ ಒಂದೇ. ಹೊಸ ನಕಾಶೆ ತುಂಬಿದರೆ ಹಳೆಯದು ಅಳಿಸಿಹೋಗುತ್ತಿತ್ತು. ಕುದುರೆಮುಖ ಒಳಗೆ ಬಂದರೆ ಕೊಡಗು ಹೊರಗೆ. ಎರಡೂ ಬೇಕು ಅಂದರೆ ಮ್ಯಾಪ್‌ಸೋರ್ಸ್ ಎಂಬ ತಂತ್ರಾಂಶದಲ್ಲಿ ಎರಡನ್ನೂ ಆರಿಸಿ, ಒಂದೇ ಕಟ್ಟು ಮಾಡಿ, ಒಮ್ಮೆಗೇ ಕಳಿಸಬೇಕು. ಬೇರೆ ಕಡೆಯಿಂದ ಇಳಿಸಿಕೊಂಡ ನಕಾಶೆಯನ್ನು ಹಳೆಯದರ ಜೊತೆ ಕೂಡಿಸಲು ಜಿಮ್ಯಾಪ್‌ಟೂಲ್ ಎಂಬ ಇನ್ನೊಂದು ಪುಟ್ಟ ತಂತ್ರಾಂಶ ಇತ್ತು. ಅದನ್ನು ಬಳಸಲು ಬರುತ್ತಿದ್ದವನಿಗೆ ಗುಂಪಿನಲ್ಲಿ ತುಸು ಹೆಚ್ಚೇ ಮರ್ಯಾದೆ.

ಕಾರ್ಡು ಬಂದದ್ದೂ ಆಮೇಲೆ. 1989ರಲ್ಲಿ ಮೆಗೆಲನ್ ಕಂಪನಿಯ ನ್ಯಾವ್ 1000, ಕೈಯಲ್ಲಿ ಹಿಡಿಯುವ ಮೊದಲ ಜಿಪಿಎಸ್ ಎಂದು ಮಾರಾಟಕ್ಕೆ ಬಂದಾಗ ಅದರಲ್ಲಿ ನಕಾಶೆಯೇ ಇರಲಿಲ್ಲ. ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಓದಿಕೊಂಡು, ಕಾಗದದ ಮೇಲೆ ನಾವೇ ಚುಕ್ಕೆ ಇಟ್ಟುಕೊಳ್ಳಬೇಕು. ಆ ಅಂಕಿಗಳೂ ಅಷ್ಟೇನೂ ನಂಬುವಂತಿರಲಿಲ್ಲ. ಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅಮೆರಿಕದ ಸೇನೆ ಬೇಕೆಂದೇ ಮಸುಕು ಮಾಡಿಟ್ಟಿತ್ತು; ನೂರು ಮೀಟರಿನ ತಪ್ಪು ಮಾಮೂಲು. 2000ದ ಮೇ 2ರಂದು ಆ ಮಸುಕನ್ನು ತೆಗೆದರು. ಅಲ್ಲಿಂದ ಮುಂದೆ ಕಾಲುದಾರಿಯ ಕವಲನ್ನು ಜಿಪಿಎಸ್ ನಂಬಿ ಹಿಡಿಯಬಹುದು ಎಂಬ ಧೈರ್ಯ ಬಂತು. ಬೆಂಗಳೂರಿನ ಚಾರಣದ ಗುಂಪುಗಳಲ್ಲಿ ಈ ಯಂತ್ರಗಳು ಒಂದೊಂದಾಗಿ ಕಾಣಿಸಿಕೊಂಡದ್ದೂ ಆಮೇಲೆಯೇ. ಹೆಚ್ಚಿನವು ಅಮೆರಿಕದಿಂದ ಬರುವ ಸಾಫ್ಟ್‌ವೇರ್ ಗೆಳೆಯರ ಸೂಟ್‌ಕೇಸಿನಲ್ಲಿ ಬಂದವು.

ಹಾಗೆ ಬಂದ ಯಂತ್ರದೊಳಗೆ ಅಮೆರಿಕದ ಹೆದ್ದಾರಿಗಳು, ಕೆರೆಗಳು, ಊರುಗಳು ಇರುತ್ತಿದ್ದವು. ಕರ್ನಾಟಕ ಮಾತ್ರ ಬೋಳು. ಮಡಿಕೇರಿಯ ನಡುರಸ್ತೆಯಲ್ಲಿ ನಿಂತು ನೋಡಿದರೂ ಬಿಳಿ ಪರದೆಯ ನಡುವೆ ಒಂದು ಬಾಣದ ಗುರುತು. ಆ ಬಿಳುಪನ್ನು ತುಂಬುವ ಕೆಲಸ ನಮ್ಮದೇ ಆಯಿತು.

ತುಂಬಲು ಜಾಗ ಎಷ್ಟಿತ್ತು? ಗಾರ್ಮಿನ್‌ನ ಇಟ್ರೆಕ್ಸ್ ಲೆಜೆಂಡ್‌ನಲ್ಲಿ 8 ಎಂಬಿ, ವಿಸ್ಟಾದಲ್ಲಿ 24. ಈಗ ಫೋನಿನಲ್ಲಿ ತೆಗೆದ ಒಂದೆರಡು ಫೋಟೋಕ್ಕೇ ಅಷ್ಟು ಜಾಗ ಬೇಕು. ಯಂತ್ರದ ಬೆನ್ನಿಗೆ ಸಿಕ್ಕಿಸುವ ಸೀರಿಯಲ್ ಕೇಬಲ್ಲು, ಮಾಮೂಲು 9600ರ ವೇಗ. ಆ ವೇಗದಲ್ಲಿ 8 ಎಂಬಿ ತುಂಬಲು ಎರಡು ಗಂಟೆ ದಾಟುತ್ತಿತ್ತು. ವೇಗವನ್ನು 1,15,200ಕ್ಕೆ ಏರಿಸಿಕೊಂಡರೆ ಕಾಲು ಗಂಟೆಯೊಳಗೆ ಮುಗಿಯುತ್ತಿತ್ತು, ಕೇಬಲ್ಲು ಅಲುಗದಿದ್ದರೆ. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಿಂದ ಬಸ್ಸು. ಆದ್ದರಿಂದ ಗುರುವಾರ ರಾತ್ರಿ ಎಂದರೆ ನಕಾಶೆ ತುಂಬುವ ರಾತ್ರಿ.

ಆ ಗುರುವಾರದ ಕೆಲಸವನ್ನು ತುಸು ವಿವರವಾಗಿ ಹೇಳಬೇಕು. ನನ್ನ ಕೊರಗು ಇರುವುದು ಅಲ್ಲಿ. ಗಾರ್ಮಿನ್ ನಕಾಶೆ ಇಡಿಯಾಗಿ ಇರುವುದಿಲ್ಲ, ಚೌಕ ಚೌಕದ ತುಂಡುಗಳಾಗಿರುತ್ತದೆ. ಮ್ಯಾಪ್‌ಸೋರ್ಸಿನಲ್ಲಿ ಒಂದು ತುಂಡಿನ ಮೇಲೆ ಒತ್ತಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು, ಒಟ್ಟು ಎಷ್ಟು ಎಂಬಿ ಆಯಿತು ಎಂಬ ಲೆಕ್ಕ ಪಕ್ಕದಲ್ಲೇ ಏರುತ್ತಿತ್ತು. ಹೋಗುವ ಬೆಟ್ಟದ ತುಂಡು ಸರಿ, ಅದರ ಪಕ್ಕದ್ದು ಬೇಕೇ? ದಾರಿ ತಪ್ಪಿದರೆ ಯಾವ ಕಡೆ ಇಳಿಯುತ್ತೇವೆ? ಪಡುವಣಕ್ಕೆ ಜಾರಿದರೆ ದಕ್ಷಿಣ ಕನ್ನಡದ ಕಾಡು, ಮೂಡಣಕ್ಕೆ ತಿರುಗಿದರೆ ಕಾಫಿ ತೋಟ. ಮೂಡಣದಲ್ಲಿ ಎಲ್ಲಿ ಇಳಿದರೂ ಒಂದು ಜೀಪು ರಸ್ತೆ ಸಿಕ್ಕೀತು, ಹಾಗಾಗಿ ಆ ತುಂಡು ಬೇಡ; ಪಡುವಣದ್ದು ಇರಲಿ. ಹಳ್ಳ ಯಾವ ಕಡೆ ಹರಿಯುತ್ತದೆ? ಅದು ಕೊನೆಗೆ ಕುಮಾರಧಾರೆಯನ್ನು ಸೇರುತ್ತದೋ ನೇತ್ರಾವತಿಯನ್ನೋ? ಮೆಮೊರಿ ಸಾಲದ್ದಕ್ಕೆ ಇಷ್ಟೆಲ್ಲ ಯೋಚಿಸುತ್ತಿದ್ದೆವು. ಯೋಚಿಸಿ ಮುಗಿಯುವ ಹೊತ್ತಿಗೆ ಬೆಟ್ಟದ ಅರ್ಧ ಗುರುತು ಹತ್ತಿರುತ್ತಿತ್ತು.

ಇನ್ನು ತುಂಬುವ ನಕಾಶೆಗಳು ಎಲ್ಲಿಂದ ಬಂದವು ಎಂಬುದು ದೊಡ್ಡ ಕಥೆ. ಕಂಪನಿಗಳು ಮಾರುವ ಭಾರತದ ನಕಾಶೆಯಲ್ಲಿ ಬೆಂಗಳೂರಿನ ಅಡ್ಡರಸ್ತೆಗಳೂ ಪೆಟ್ರೋಲ್ ಬಂಕುಗಳೂ ಇದ್ದವು. ಟಾರು ಮುಗಿದಲ್ಲಿ ಆ ನಕಾಶೆಯೂ ಮುಗಿಯುತ್ತಿತ್ತು. ಮೇಲಾಗಿ ಅದಕ್ಕೆ 25 ಅಕ್ಷರಗಳ ಬೀಗದ ಸಂಕೇತ, ಒಂದು ಯಂತ್ರಕ್ಕೆ ಕೊಂಡದ್ದು ಇನ್ನೊಂದಕ್ಕೆ ಆಗದು. ಕಾಲುದಾರಿಗೆ ಬೇರೆಯೇ ಮೂಲ ಬೇಕಿತ್ತು. ಕೋರಮಂಗಲದ ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ 1:50,000 ಅಳತೆಯ ಟೋಪೋ ಹಾಳೆಗಳು ಸಿಗುತ್ತಿದ್ದವು. ಕುಮಾರಪರ್ವತಕ್ಕೆ 48 ಪಿ/10. ಹಾಳೆಯ ನಂಬರಿನಿಂದಲೇ ಬೆಟ್ಟವನ್ನು ಗುರುತಿಸುವ ಹಿರಿಯರು ಆಗ ಇದ್ದರು. ಕರಾವಳಿಗೆ ಹತ್ತಿರದ ಹಲವು ಹಾಳೆಗಳು ನಿರ್ಬಂಧಿತ; 2005ರ ನಕಾಶೆ ನೀತಿ ಬಂದ ಮೇಲೆ ಸಾರ್ವಜನಿಕರಿಗೆಂದೇ ಬೇರೆ ಸರಣಿ, ಬೇರೆ ನಂಬರು. ಅಲ್ಲಿಯವರೆಗೆ ಹಳೆಯ ಹಾಳೆಯ ಜೆರಾಕ್ಸಿನ ಜೆರಾಕ್ಸು ಕೈಯಿಂದ ಕೈಗೆ ಹೋಗುತ್ತಿತ್ತು.

ಇನ್ನೊಂದು ಮೂಲ ಟೆಕ್ಸಾಸ್ ವಿಶ್ವವಿದ್ಯಾಲಯ. ನಗು ಬರುತ್ತದೆ, ಆದರೆ ನಿಜ. ಅಮೆರಿಕದ ಸೇನೆಯ ನಕಾಶೆ ವಿಭಾಗ 1950ರ ದಶಕದಲ್ಲಿ ಭಾರತಕ್ಕೆಲ್ಲ 1:2,50,000 ಅಳತೆಯ ಯು502 ಎಂಬ ಸರಣಿ ಮಾಡಿತ್ತು. ಅದನ್ನು ಆ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿತು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವನು ತನ್ನ ಊರಿನ ಹಿಂದಿನ ಗುಡ್ಡದ ಎತ್ತರ ತಿಳಿಯಲು ಟೆಕ್ಸಾಸಿನ ಬಾಗಿಲು ತಟ್ಟಬೇಕಾಗಿತ್ತು.

ಮೂರನೆಯದು ಆಕಾಶದಿಂದ ಬಂತು. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ರಾಡಾರ್ ಹಿಡಿದು ಭೂಮಿಯ ಏರುತಗ್ಗುಗಳನ್ನು ಅಳೆಯಿತು. ನಮ್ಮ ಪಾಲಿಗೆ ಸಿಕ್ಕದ್ದು 90 ಮೀಟರಿಗೊಂದು ಅಳತೆ. ಅದರಿಂದ ಸಮೋನ್ನತ ರೇಖೆಗಳನ್ನು ಎಳೆದು, ಗಾರ್ಮಿನ್‌ಗೆ ಹೊಂದುವ ಕಡತ ಮಾಡುವ ವಿದ್ಯೆಯನ್ನು ಹವ್ಯಾಸಿಗಳು ಕಲಿತರು. ನಾಲ್ಕನೆಯದು ನಡೆದವರು ತಾವೇ ಬರೆದ ನಕಾಶೆ. ತಮ್ಮ ಟ್ರ್ಯಾಕುಗಳನ್ನು ಕೂಡಿಸಿ ಸಿಜಿಪಿಎಸ್‌ಮ್ಯಾಪರ್ ಎಂಬ ತಂತ್ರಾಂಶದಿಂದ, ಆಮೇಲೆ ಎಂಕೆಜಿಮ್ಯಾಪ್‌ನಿಂದ ಕಟ್ಟಿದ್ದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇವತ್ತು ಕಾಣುವ ಘಟ್ಟದ ಕೆಲವು ಕಾಲುದಾರಿಗಳ ಅಡಿಯಲ್ಲಿ ಅಂಥ ಟ್ರ್ಯಾಕುಗಳಿವೆ. ಉಂಬಳ ಕಚ್ಚಿಸಿಕೊಂಡು ನಡೆದವರದು. ಹೆಸರು ಯಾರಿಗೂ ಬೇಕಾಗಲಿಲ್ಲ.

ಉಂಬಳ ಅಂದಾಗ ನೆನಪಾಯಿತು. ಹಳೆಯ ಇಟ್ರೆಕ್ಸಿನಲ್ಲಿ ಒಂದು ಜಾಗಕ್ಕೆ ಹೆಸರಿಡಲು ಆರೇ ಇಂಗ್ಲಿಷ್ ಅಕ್ಷರ. ಗಿರಿಗದ್ದೆ ಹಿಡಿಯದು, ಕಲ್ಲುಮಂಟಪ ಹಿಡಿಯದು. ಉಂಬಳ ಸರಿಯಾಗಿ ಕೂರುತ್ತಿತ್ತು. ಜಿಗಣೆಯೂ. ಹಾಗಾಗಿ ಎಷ್ಟೋ ಜನರ ಯಂತ್ರದಲ್ಲಿ ಘಟ್ಟದುದ್ದಕ್ಕೂ ಉಂಬಳದ ಗುರುತುಗಳು. ಕನ್ನಡ ಲಿಪಿಯಂತೂ ಆ ಪರದೆಗಳಿಗೆ ಬರಲೇ ಇಲ್ಲ. ಗಾರ್ಮಿನ್ ನಕಾಶೆಯ ಹಳೆಯ ಆರು ಬಿಟ್ಟಿನ ಬರಹದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮಾತ್ರ ಜಾಗ. ನಮ್ಮ ಊರುಗಳೆಲ್ಲ ರೈಲ್ವೆ ಸ್ಟೇಷನ್ನಿನ ಹಲಗೆಯ ಮೂರನೆಯ ಸಾಲಿನಂತೆ ಕಾಣುತ್ತಿದ್ದವು.

2006ರಲ್ಲಿ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್ ಬಂತು. ಬ್ಯಾಟರಿಯ ಕೆಳಗೆ ಮೈಕ್ರೋ ಎಸ್‌ಡಿ ಕಾರ್ಡು, ಒಳಗೆ ಸರ್ಫ್ ಸ್ಟಾರ್ 3 ಎಂಬ ಚಿಪ್ಪು. ಶೋಲಾ ಕಾಡಿನ ದಟ್ಟ ಹಂದರದಡಿಯಲ್ಲೂ ಉಪಗ್ರಹಗಳು ಕೈಬಿಡಲಿಲ್ಲ. ಅದಕ್ಕೆ ಮೊದಲಿನ ಯಂತ್ರಗಳನ್ನು ಹಿಡಿದವರು ಆಕಾಶ ಕಾಣುವ ಬಯಲು ಹುಡುಕಿಕೊಂಡು ಕೈ ಎತ್ತಿ ನಿಲ್ಲುತ್ತಿದ್ದರು. ಕಾರ್ಡು ಬಂದ ಮೇಲೆ ಜಾಗದ ಕೊರತೆ ಹೋಯಿತು, 2025 ತುಂಡುಗಳ ಮಿತಿಯೊಂದು ಉಳಿಯಿತು. ಒಂದು ನಕಾಶೆಯ ಮೇಲೆ ಇನ್ನೊಂದನ್ನು ಹಾಸುವ ಆಟ ನಿಜವಾಗಿ ಶುರುವಾದದ್ದು ಇಲ್ಲಿಂದ. ಪ್ರತಿ ನಕಾಶೆಗೂ ಒಂದು ಆದ್ಯತೆಯ ಅಂಕಿ. ಅಂಕಿ ದೊಡ್ಡದಾದರೆ ಮೇಲೆ, ಚಿಕ್ಕದಾದರೆ ಕೆಳಗೆ. ಮೇಲಿನದು ಪಾರದರ್ಶಕವಾಗಿದ್ದರೆ ಕೆಳಗಿನದು ಇಣುಕುತ್ತದೆ, ಇಲ್ಲದಿದ್ದರೆ ಪೂರ್ತಿ ಮುಚ್ಚಿಹೋಗುತ್ತದೆ. ರಸ್ತೆಯ ನಕಾಶೆ ಅಡಿಗೆ, ಅದರ ಮೇಲೆ ಸಮೋನ್ನತ ರೇಖೆ, ಎಲ್ಲಕ್ಕೂ ಮೇಲೆ ನಮ್ಮ ಕಾಲುದಾರಿ. ಈ ಕ್ರಮ ಕೂಡಿಬಂದ ದಿನದ ಖುಷಿಯನ್ನು ಮನೆಯವರಿಗೆ ಹೇಳಿದರೆ ಅರ್ಥವಾಗುತ್ತಿರಲಿಲ್ಲ, ಹೇಳುವುದನ್ನು ಬಿಟ್ಟೆವು.

2009ರ ಕೊನೆಗೆ ಕಸ್ಟಮ್ ಮ್ಯಾಪ್ ಎಂಬ ಸೌಲಭ್ಯ ಬಂತು. ಸ್ಕ್ಯಾನ್ ಮಾಡಿದ ಯಾವುದೇ ಕಾಗದವನ್ನು ಗೂಗಲ್ ಅರ್ಥ್‌ನಲ್ಲಿ ನೆಲಕ್ಕೆ ಹೊಂದಿಸಿ ಯಂತ್ರಕ್ಕೆ ಹಾಕಬಹುದು. ಒಂದೊಂದು 1024 ಚುಕ್ಕಿ ಅಗಲ, ಅಷ್ಟೇ ಎತ್ತರದ ನೂರು ತುಂಡುಗಳವರೆಗೆ ಅವಕಾಶ. 2011ರಲ್ಲಿ ಬಂದ ಇಟ್ರೆಕ್ಸ್ 20 ಮತ್ತು 30ರಲ್ಲಿ ಹೆಸರಿನ ಕಟ್ಟಳೆಯೂ ಸಡಿಲವಾಯಿತು. ಬೇಕಾದ ಹೆಸರಿನಲ್ಲಿ ಬೇಕಾದಷ್ಟು ಕಡತ ಇಡಿ, ಪಟ್ಟಿಯಲ್ಲಿ ಬೇಕಾದದ್ದಕ್ಕೆ ಗುರುತು ಹಾಕಿ, ಬೇಡವಾದದ್ದಕ್ಕೆ ತೆಗೆಯಿರಿ. ನಡೆಯುತ್ತಲೇ ಹೆಬ್ಬೆರಳಿನಲ್ಲಿ ಒಂದು ನಕಾಶೆ ಆರಿಸಿ ಇನ್ನೊಂದು ಹೊತ್ತಿಸುವುದು ಅಭ್ಯಾಸವಾಯಿತು.

ಹೀಗೆ ಹಾಸಿದಾಗ ಕಂಡದ್ದು ಏನೆಂದರೆ, ಯಾವ ಎರಡು ನಕಾಶೆಯೂ ಒಂದೇ ಮಾತು ಆಡುವುದಿಲ್ಲ. ಟೋಪೋ ಹಾಳೆಯನ್ನು ಅದರ ಮೂಲೆಯ ಅಂಕಿಗಳಂತೆ ಕೂರಿಸಿದರೆ ಇಡೀ ಬೆಟ್ಟ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ಭೂಮಿಯ ಆಕಾರಕ್ಕೆ ಆ ಹಾಳೆಗಳು ಹಿಡಿದ ಲೆಕ್ಕ 1830ರ ಎವರೆಸ್ಟ್ ಅಂಡಾಕೃತಿಯದು. ಸರ್ವೆಗಾರ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಹಾಸಿ ಆಧಾರರೇಖೆ ಅಳೆದ 1800ರಿಂದ ಹಿಡಿದು ಬಂದ ಪರಂಪರೆ. ಜಿಪಿಎಸ್‌ನ ಭೂಮಿಯ ಲೆಕ್ಕ ಬೇರೆ. ಎರಡು ಲೆಕ್ಕದ ನಡುವಿನ ಅಂತರ ನೆಲದ ಮೇಲೆ ನೂರಾರು ಮೀಟರು. ಯಂತ್ರದಲ್ಲಿ ಡೇಟಮ್, ಅಂದರೆ ಈ ಲೆಕ್ಕ, ಬದಲಿಸಿ ಇದನ್ನು ಸರಿಪಡಿಸಬಹುದಿತ್ತು. ಉಳಿದ ಜಗಳಗಳಿಗೆ ಅಂಥ ಗುಂಡಿ ಇರಲಿಲ್ಲ.

ಆಕಾಶದಿಂದ ಬಂದ ಸಮೋನ್ನತ ರೇಖೆಗಳನ್ನೇ ನೋಡಿ. 90 ಮೀಟರಿನ ಒಂದು ಚೌಕಕ್ಕೆ ಒಂದೇ ಎತ್ತರ ಎಂದರೆ ಆ ಚೌಕದೊಳಗೆ ನೆಟ್ಟಗೆ ನಿಂತ ಬಂಡೆಗೋಡೆ ಸವೆದು ಇಳಿಜಾರಾಗುತ್ತದೆ. ದಟ್ಟ ಕಾಡಿನಲ್ಲಿ ರಾಡಾರು ನೆಲ ಮುಟ್ಟುವ ಮೊದಲೇ ಮರದ ತಲೆಗೆ ತಾಗಿ ಮರಳಿರುತ್ತದೆ, ಅಲ್ಲಿ ಅಳೆದದ್ದು ಬೆಟ್ಟದ ಎತ್ತರವೋ ಮರದ ಎತ್ತರವೋ ಎಂಬ ಅನುಮಾನ. ಹೀಗಾಗಿ ಈ ರೇಖೆಗಳು ಸುಲಭ ಎಂದ ಕಡೆ ಟೋಪೋ ಹಾಳೆ ಬಂಡೆಯ ಗುರುತು ತೋರಿಸುತ್ತಿತ್ತು. ಹಾಳೆ ಮಾಡಿದವನು ಅಲ್ಲಿ ನಿಂತು ನೋಡಿದ್ದ. ಇನ್ನೊಂದೆಡೆ ಹಾಳೆಯಲ್ಲಿ ಹಾದುಹೋದ ಕಾಲುದಾರಿ ನೆಲದಲ್ಲಿ ಇರುವುದೇ ಇಲ್ಲ. ಅದನ್ನು ಬಳಸುತ್ತಿದ್ದ ಊರು ಖಾಲಿಯಾಗಿ, ದಾರಿಯನ್ನು ಕುರಿಂಜಿ ಪೊದೆ ನುಂಗಿರುತ್ತದೆ. ದೋಣಿಗಾಲ್‌ನಿಂದ ಸುಬ್ರಹ್ಮಣ್ಯದ ಕಡೆಗಿನ ರೈಲು ಹಳಿ ಟೆಕ್ಸಾಸಿನ ಹಾಳೆಯಲ್ಲಿ ಇಲ್ಲ, ಆ ಮಾರ್ಗ ಮುಗಿದದ್ದೇ 1970ರ ದಶಕದ ಕೊನೆಗೆ. ಆಮೇಲಿನ ನಕಾಶೆಗಳಲ್ಲಿ ಹಳಿ ಇದೆ. 1996ರಿಂದ ಗೇಜ್ ಬದಲಿಸಲೆಂದು ರೈಲು ನಿಂತಿದ್ದ ವರ್ಷಗಳಲ್ಲಿ ಅದರ ಮೇಲೆ ನಡೆದವರ ಟ್ರ್ಯಾಕಿನಲ್ಲಿ ಅದು ಕಾಲುದಾರಿ, ಸುರಂಗ ಬಂದಲ್ಲೆಲ್ಲ ಉಪಗ್ರಹ ಕಳೆದುಹೋಗಿ ಈ ಬಾಯಿಂದ ಆ ಬಾಯಿಗೆ ಎಳೆದ ನೇರ ಗೆರೆ.

ಹೀಗೆ ನಕಾಶೆಗಳು ಒಪ್ಪದ ಜಾಗ ಬಂದಾಗಲೆಲ್ಲ ಗುಂಪು ನಿಲ್ಲುತ್ತಿತ್ತು. ತಲೆ ಎತ್ತಿ ನೋಡಬೇಕಾಗುತ್ತಿತ್ತು. ಸಿಕ್ಕ ದನಗಾಹಿಯನ್ನು, ಏಲಕ್ಕಿ ತೋಟದ ಆಳನ್ನು ಕೇಳಬೇಕಾಗುತ್ತಿತ್ತು, ಅವರು ಹೇಳಿದ್ದು ಐದನೆಯ ನಕಾಶೆ. ನನಗೆ ಕಳೆದುಹೋಯಿತು ಅನ್ನಿಸುವುದು ಈ ನಿಲ್ಲುವಿಕೆ. ಯಂತ್ರ ಹೋದರೆ ಹೋಗಲಿ.

ಫೋನನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಈಗಿನ ಒಳ್ಳೆಯ ಫೋನು ಎರಡು ತರಂಗಾಂತರದಲ್ಲಿ ಉಪಗ್ರಹ ಕೇಳುತ್ತದೆ. ನಿಖರತೆಯಲ್ಲಿ ನನ್ನ ಹಳೆಯ 60ಸಿಎಸ್‌ಎಕ್ಸ್ ಅದರ ಹತ್ತಿರ ನಿಲ್ಲದು. ನಕಾಶೆಯ ಮೇಲೆ ನಕಾಶೆ ಹಾಸುವ ಆ್ಯಪುಗಳೂ ಇವೆ, ಓಸ್ಮ್‌ಆಂಡ್‌ನಂಥವು, ಗಾರ್ಮಿನ್‌ಗಿಂತ ಚೆನ್ನಾಗಿಯೇ ಹಾಸುತ್ತವೆ. ಸರ್ವೆ ಆಫ್ ಇಂಡಿಯಾ 2017ರಲ್ಲಿ ಸಾರ್ವಜನಿಕ ಸರಣಿಯ ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. 2021ರ ಫೆಬ್ರುವರಿಯಲ್ಲಿ ನಕಾಶೆ ಮಾಡುವವರ ಮೇಲಿನ ಹಳೆಯ ಕಟ್ಟುಪಾಡುಗಳು ಬಹುಮಟ್ಟಿಗೆ ಸಡಿಲವಾದವು. ನಾವು ಹಂಬಲಿಸಿದ್ದೆಲ್ಲ ಸಿಕ್ಕಿತು ಎನ್ನಬಹುದು, ಹಂಬಲಿಸುವವರು ಕಮ್ಮಿಯಾದ ಮೇಲೆ. ಚಾರಣಕ್ಕೆ ಈಗ ಮೊದಲೇ ಟಿಕೆಟ್ಟು, ಜೊತೆಗೊಬ್ಬ ಗೈಡು, ಹಿಂದೆ ಮುಂದೆ ಜನ. ನೀಲಿ ಚುಕ್ಕೆ ಎಲ್ಲಿದೆಯೋ ಅಲ್ಲಿ ನಾವಿದ್ದೇವೆ. ಒಂದೇ ನಕಾಶೆ, ತಾನೇ ಇಳಿಯುತ್ತದೆ, ತಾನೇ ಬದಲಾಗುತ್ತದೆ, ನಿನ್ನೆ ಏನಿತ್ತು ಎಂದು ಹೇಳುವುದಿಲ್ಲ.

ಯಂತ್ರಗಳಿಗೂ ವಯಸ್ಸಾಯಿತು. ಜಿಪಿಎಸ್ ವಾರಗಳನ್ನು ಎಣಿಸುವುದು 1024ರವರೆಗೆ ಮಾತ್ರ, ಆಮೇಲೆ ಮತ್ತೆ ಸೊನ್ನೆ. 2019ರ ಏಪ್ರಿಲ್‌ನಲ್ಲಿ ಎಣಿಕೆ ಸೊನ್ನೆಗೆ ಬಂದಾಗ ಕೆಲವು ಹಳೆಯ ಯಂತ್ರಗಳು 1999ರ ಆಗಸ್ಟಿಗೆ ಹಿಂತಿರುಗಿದವು. ದಾರಿ ಸರಿಯಾಗಿಯೇ ತೋರಿಸುತ್ತವೆ, ತಾರೀಖು ಮಾತ್ರ ಇಪ್ಪತ್ತು ವರ್ಷ ಹಿಂದಿನದು. ಮ್ಯಾಪ್‌ಸೋರ್ಸ್ ಹೋಗಿ ಬೇಸ್‌ಕ್ಯಾಂಪ್ ಬಂದಿತ್ತು. ಅದರ ಬೆಳವಣಿಗೆಯೂ ನಿಂತಿದೆ.

ನಕಾಶೆಗಳ ಜಗಳ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿದ್ದದ್ದು ಬೆಟ್ಟದ ಮೇಲಲ್ಲ, ನೀರಿನ ಮೇಲೆ. ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿ ಸಿಗಂದೂರಿನ ಕಡೆ ಹೋಗುವಾಗ ಇಟ್ರೆಕ್ಸ್‌ನಲ್ಲಿ ಹೊಸ ನಕಾಶೆ ಇದ್ದರೆ ಸುತ್ತಲೂ ಬರೀ ನೀಲಿ. ಸಮೋನ್ನತ ರೇಖೆಗಳೂ ದಡದಲ್ಲೇ ನಿಲ್ಲುತ್ತವೆ. ಎಂಡೆವರ್ ನೌಕೆಯ ರಾಡಾರಿಗೆ ಸಿಕ್ಕದ್ದು ನೀರಿನ ಮೇಲ್ಮೈ ಅಷ್ಟೇ. ಆ ನಕಾಶೆ ಆರಿಸಿ ಟೆಕ್ಸಾಸಿನ ಹಾಳೆ ಹೊತ್ತಿಸಿದರೆ ನೀಲಿ ಹಿಂದೆ ಸರಿಯುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಹಾಳೆ ಅದಕ್ಕೆ ಹಿಂದಿನದು. ಅಲ್ಲಿ ಹಿನ್ನೀರು ಇನ್ನೂ ಹರಡಿಲ್ಲ. ಶರಾವತಿಯ ಕಣಿವೆ, ಅದಕ್ಕೆ ಇಳಿದುಬರುವ ಹಳ್ಳಗಳು, ಊರುಗಳ ಚುಕ್ಕೆಗಳು, ಊರಿಂದ ಊರಿಗೆ ದಾರಿ. ಲಾಂಚು ತನ್ನ ಪಾಡಿಗೆ ಸಾಗುತ್ತಿದ್ದರೆ ಪರದೆಯ ಬಾಣ ಯಾವುದೋ ದಾರಿಯನ್ನು ಅಡ್ಡ ಹಾಯುತ್ತದೆ, ಹಳ್ಳ ದಾಟುತ್ತದೆ, ಗುಡ್ಡ ಹತ್ತುತ್ತದೆ. ಕಾಲಡಿಯಲ್ಲಿ ಅದೆಲ್ಲ ಇದೆ ಎಂಬುದು ಗೊತ್ತಿರುವ ಸಂಗತಿಯೇ. ಮುಳುಗಡೆಯ ಮಾತು ಕೇಳದೆ ಸಾಗರ ಸೀಮೆಯಲ್ಲಿ ಯಾರೂ ಬೆಳೆದಿಲ್ಲ. ಆದರೂ ತಾನು ನಿಂತ ಜಾಗ ಯಾವ ಊರಿನ ಯಾವ ಮಗ್ಗುಲು ಎಂದು ಬಾಣ ತೋರಿಸುತ್ತಿರುವಾಗ ಲಾಂಚಿನ ಕಂಬಿ ಹಿಡಿದು ನಿಲ್ಲುವುದು ಬೇರೆ. ಪಕ್ಕದಲ್ಲಿದ್ದವರಿಗೆ ತೋರಿಸಿದರೆ ವಯಸ್ಸಾದವರು ಕನ್ನಡಕ ಸರಿಮಾಡಿಕೊಂಡು ಬಗ್ಗುತ್ತಿದ್ದರು. ಇಂಗ್ಲಿಷ್ ಅಕ್ಷರ ಓದಲು ಬಾರದವರು ಓದಿಸಿಕೊಳ್ಳುತ್ತಿದ್ದರು, ಓದಿದ್ದನ್ನು ತಿದ್ದುತ್ತಿದ್ದರು.

2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ದ್ವೀಪದಂತಾಗಿದ್ದ ಆಚೆದಡದವರಿಗೆ ಆಸ್ಪತ್ರೆ ಹತ್ತಿರವಾಯಿತು, ಅದಕ್ಕಿಂತ ದೊಡ್ಡ ಮಾತಿಲ್ಲ. ಕಾರಿನಲ್ಲಿ ದಾಟುವವರ ಫೋನಿನಲ್ಲಿ ನೀಲಿಯ ಮೇಲೊಂದು ಗೆರೆ ಬರುತ್ತದೆ, ಹೋಗುತ್ತದೆ.

ಸೇತುವೆಯಾದ ಮೇಲೆ ಆ ಕಡೆಯ ಹುಡುಗನೊಬ್ಬ, ಬೆಂಗಳೂರಿನಲ್ಲಿ ಕೆಲಸಕ್ಕಿರುವವನು, ಹಳೆಯ ಹಾಳೆಯನ್ನು ತನ್ನ ಫೋನಿಗೆ ಹಾಕಿಕೊಡಲು ಕೇಳಿದ. ಅಜ್ಜಿ ಹುಟ್ಟಿದ ಊರು ನೀರಿನಡಿಯದು. ಸೇತುವೆಯ ಯಾವ ಕಂಬದಿಂದ ಎಷ್ಟು ದೂರ ಎಂದು ಅವಳಿಗೆ ತೋರಿಸಬೇಕಂತೆ. ಗಾರ್ಮಿನ್‌ಗೆಂದು ಕತ್ತರಿಸಿಟ್ಟ ತುಂಡುಗಳು ನನ್ನಲ್ಲಿದ್ದವು, ಅವನ್ನು ಕೂಡಿಸಿ ಆ್ಯಪಿಗೆ ಒಗ್ಗುವಂತೆ ಬದಲಿಸಿದೆವು. ಚೆನ್ನಾಗಿ ಕಾಣುತ್ತದೆ, ಬೆರಳಿನಲ್ಲಿ ಎಳೆದರೆ ನೀಲಿ ತೆಳುವಾಗಿ ಹಾಳೆ ಮೇಲೆ ಬರುತ್ತದೆ. ತೊಡಕು ಬೇರೆ ಕಡೆ. ಅಮೆರಿಕದ ಸೇನೆ ಬರೆದ ಹೆಸರು ಅಜ್ಜಿ ಹೇಳುವ ಹೆಸರಿಗೆ ಹೊಂದುತ್ತಿಲ್ಲ. ಹೊಂದಬಹುದಾದ ಚುಕ್ಕೆಗಳು ಎರಡಿವೆ, ಹಳ್ಳದ ಆಚೆಗೊಂದು ಈಚೆಗೊಂದು. ಮನೆಯಿಂದ ಗದ್ದೆಗೆ ಹೋಗಲು ಹಳ್ಳ ದಾಟಬೇಕಿತ್ತೇ ಎಂದು ಕೇಳಿ ಬಾ ಎಂದಿದ್ದೇನೆ. ದೀಪಾವಳಿಗೆ ಊರಿಗೆ ಹೋಗುತ್ತಾನಂತೆ.